ಯುದ್ಧ ಮುಗಿದ ಮೇಲೆ ಶುರುವಾಗೋ ಕಾಯಿಲೆಗಳು

ಶಿವಮೊಗ್ಗದಲ್ಲಿ ಕೂತ್ಕೊಂಡು ರುವಾಂಡಾ, ಕಾಂಗೋ ಅಂತ ಮಾತಾಡೋದು ಎಂತಕ್ಕೆ ಮಾರಾಯ್ರೆ ಅಂತ ನಿಮ್ಮಲ್ಲಿ ಕೆಲವರಿಗೆ ಅನ್ಸಿರಬಹುದು. ಬೋರ್ಡಲ್ಲಿ ಯುದ್ಧ, ಮನಸ್ಸಿನ ಗಾಯ, ಲೈಂಗಿಕ ಆರೋಗ್ಯ ಅನ್ನೋ ವಿಷಯ ಓದಿ ಹಿಂದಿನ ಬೆಂಚಲ್ಲಿ ಇಬ್ರು ನಕ್ಕಿದ್ದನ್ನೂ ನೋಡ್ದೆ. ನಗಿ, ತೊಂದ್ರೆ ಇಲ್ಲ. ಲೈಂಗಿಕ ಆರೋಗ್ಯ ಅಂದ್ರೆ ನಮ್ ಕಡೆ ಒಂದೋ ನಗ್ತಾರೆ, ಇಲ್ಲಾಂದ್ರೆ ಕುಡಿಯೋಕೆ ನೀರು ಬೇಕು ಅಂತ ಎದ್ದು ಹೋಗ್ತಾರೆ, ನಗೋದೇ ವಾಸಿ. ಇಲ್ಲಿ ನರ್ಸಿಂಗ್ ಓದೋ ಮಕ್ಕಳಿದಾರೆ, ಆಶಾ ಅಕ್ಕಂದಿರಿದಾರೆ, ಮಾಜಿ ಸೈನಿಕರು ಇಬ್ರೋ ಮೂವರೋ ಮುಂದೆನೇ ಕೂತಿದಾರೆ, ಮೂರೂ ಗುಂಪಿಗೂ ಈ ವಿಷಯದಲ್ಲಿ ಕೆಲಸ ಇದೆ ಅಂತ ಗೊತ್ತಿದ್ದೇ ಒಪ್ಕೊಂಡು ಬಂದೆ.

ಹೆಚ್ಚಿನವರ ತಲೇಲಿ ಒಂದು ಸಲೀಸು ಲೆಕ್ಕ ಇರತ್ತೆ. ಯುದ್ಧ ಆಯ್ತು, ಹೆಂಗಸರ ಮೇಲೆ ಅತ್ಯಾಚಾರ ಆಯ್ತು, ಎಚ್‌ಐವಿ ಹರಡ್ತು, ಮುಗೀತು. 90ರ ದಶಕದಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳೂ ಹೀಗೇ ಹೇಳ್ತಿದ್ವು. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಒಂದು ಅಧ್ಯಯನ ಬಂತು, ಕಾಂಗೋ, ದಕ್ಷಿಣ ಸುಡಾನ್, ರುವಾಂಡಾ, ಉಗಾಂಡಾ, ಸಿಯೆರಾ ಲಿಯೋನ್, ಸೊಮಾಲಿಯಾ, ಬುರುಂಡಿ ಈ ಏಳು ಕಡೆಯ ಅಂಕಿಅಂಶ ಎಲ್ಲ ಒಟ್ಟು ಹಾಕಿ ನೋಡಿದ್ರು. ಯುದ್ಧದಿಂದ, ಜನ ಊರು ಬಿಟ್ಟಿದ್ದರಿಂದ, ದೊಡ್ಡ ಪ್ರಮಾಣದ ಅತ್ಯಾಚಾರದಿಂದ ಇಡೀ ದೇಶದ ಎಚ್‌ಐವಿ ಪ್ರಮಾಣ ಏರಿತು ಅನ್ನೋಕೆ ಸಾಕಷ್ಟು ಸಾಕ್ಷ್ಯ ಸಿಗಲಿಲ್ಲ. ಓದಿದವರಿಗೆ ಶಾಕ್. ಕೆಲವರಂತೂ ಹಂಗಾದ್ರೆ ಅತ್ಯಾಚಾರದಿಂದ ಏನೂ ಆಗಲ್ಲ ಅಂತೀರಾ ಅಂತ ಸಿಟ್ಟಾದ್ರು. ಹಂಗಲ್ಲ ಅದು. ಇಲ್ಲಿ ಸ್ವಲ್ಪ ನಿಂತು ನೋಡ್ಬೇಕು, ಯಾಕಂದ್ರೆ ಇವತ್ತು ನಾನು ಹೇಳೋದೆಲ್ಲ ಈ ಗಂಟಿನ ಒಳಗೇ ಇದೆ.

ರುವಾಂಡಾ ತಗೊಳ್ಳಿ. 1994ರ ಏಪ್ರಿಲ್‌ನಿಂದ ಜುಲೈ, ಸುಮಾರು ನೂರು ದಿನ ನರಮೇಧ ನಡೀತು. ಸತ್ತವರು ಐದು ಲಕ್ಷದಿಂದ ಎಂಟು ಲಕ್ಷದ ಮೇಲೆ, ಲೆಕ್ಕ ಹಾಕೋರ ಪ್ರಕಾರ ಬದಲಾಗತ್ತೆ. ಅತ್ಯಾಚಾರಕ್ಕೆ ಒಳಗಾದ ಹೆಂಗಸರು ಎರಡೂವರೆ ಲಕ್ಷದಿಂದ ಐದು ಲಕ್ಷ ಇರಬಹುದು ಅಂತ 1996ರಲ್ಲಿ ವಿಶ್ವಸಂಸ್ಥೆಯ ವರದಿ ಹೇಳ್ತು. ಆಮೇಲೆ ವಿಧವೆಯರೇ ಸೇರ್ಕೊಂಡು ಅವೇಗಾ ಅಂತ ಒಂದು ಸಂಘ ಕಟ್ಟಿದ್ರು. ಅವರು ತಮ್ಮ ಜೊತೆಗಿದ್ದ ಸಂತ್ರಸ್ತ ಹೆಂಗಸರಿಗೆ ಪರೀಕ್ಷೆ ಮಾಡ್ಸಿದಾಗ ಮೂರರಲ್ಲಿ ಎರಡು ಪಾಲು ಜನರಿಗೆ ಎಚ್‌ಐವಿ ಇತ್ತು. ಮೂರರಲ್ಲಿ ಎರಡು! ಈ ಸಂಖ್ಯೆಯನ್ನ ಪೇಪರ್‌ನವರು ಇಡೀ ದೇಶದ್ದು ಅನ್ನೋ ಥರ ಬರೆದ್ಬಿಟ್ರು. ಅದು ಆ ಸಂಘದ ಬಾಗಿಲಿಗೆ ಬಂದವರ ಸಂಖ್ಯೆ. ಬದುಕುಳಿದವರು, ಕಾಯಿಲೆ ಬಿದ್ದವರು, ಸಹಾಯ ಕೇಳೋಕೆ ಬಂದವರು ಅಲ್ಲಿಗೆ ಬಂದಿದ್ರು. ಇನ್ನೊಂದು ಕಡೆ, ಒಂದು ಸಲದ ಸಂಪರ್ಕದಲ್ಲಿ ಗಂಡಸಿಂದ ಹೆಂಗಸಿಗೆ ಎಚ್‌ಐವಿ ಹೋಗೋ ಸಾಧ್ಯತೆ ಸರಾಸರಿ ಹತ್ತು ಸಾವಿರಕ್ಕೆ ಎಂಟು ಅಂತಾರೆ. ಬಲಾತ್ಕಾರದಲ್ಲಿ ಗಾಯ ಆಗತ್ತೆ, ಒಬ್ಬರಿಗಿಂತ ಹೆಚ್ಚು ಜನ ಇರ್ತಾರೆ, ಅದು ಎಷ್ಟೋ ಪಟ್ಟು ಜಾಸ್ತಿ ಆಗತ್ತೆ, ಆದ್ರೂ ಇಡೀ ದೇಶದ ಜನಸಂಖ್ಯೆಯ ಪರ್ಸೆಂಟೇಜಿಗೆ ಹಾಕಿದಾಗ ಅದು ಕಾಣೋದೇ ಇಲ್ಲ. ಎರಡೂ ಸತ್ಯ. ದೇಶದ ಗ್ರಾಫಲ್ಲಿ ಗೆರೆ ಮೇಲೇರಿಲ್ಲ ಅಂದ್ರೆ ಆ ಹೆಂಗಸಿಗೆ ಏನೂ ಆಗಿಲ್ಲ ಅಂತ ಅಲ್ಲ ತಾನೆ.

ಇಲ್ಲಿ ಇನ್ನೊಂದು ಹೇಳ್ಲೇಬೇಕು, ಸ್ವಲ್ಪ ದಾರಿ ತಪ್ಪತ್ತೆ, ಪರವಾಗಿಲ್ಲ. ಆ ನರಮೇಧದ ಆರೋಪಿಗಳ ವಿಚಾರಣೆ ತಾಂಜಾನಿಯಾದ ಅರೂಷಾ ಅನ್ನೋ ಊರಲ್ಲಿ ನಡೀತಿತ್ತು. ಅತ್ಯಾಚಾರವನ್ನೂ ನರಮೇಧದ ಕೃತ್ಯ ಅಂತ ಒಂದು ಅಂತಾರಾಷ್ಟ್ರೀಯ ಕೋರ್ಟು ಮೊದಲ ಸಲ ತೀರ್ಪು ಕೊಟ್ಟಿದ್ದು ಅಲ್ಲೇ, 1998ರ ಸೆಪ್ಟೆಂಬರಲ್ಲಿ, ಅಕಾಯೆಸು ಅನ್ನೋ ಮೇಯರ್ ಕೇಸಲ್ಲಿ. ದೊಡ್ಡ ತೀರ್ಪು. ಆದ್ರೆ ಆ ಕೋರ್ಟಿನ ಜೈಲಲ್ಲಿ ಎಚ್‌ಐವಿ ಇದ್ದ ಆರೋಪಿಗಳಿಗೆ ಎಆರ್‌ಟಿ, ಅಂದ್ರೆ ಎಚ್‌ಐವಿನ ಹತೋಟೀಲಿ ಇಡೋ ಮಾತ್ರೆ ಸಿಗ್ತಿತ್ತು, ಊಟ ಸಿಗ್ತಿತ್ತು, ಡಾಕ್ಟ್ರು ಬರ್ತಿದ್ರು. ಅವರ ವಿರುದ್ಧ ಸಾಕ್ಷಿ ಹೇಳೋಕೆ ಹಳ್ಳಿಯಿಂದ ಬಂದ ಹೆಂಗಸರಿಗೆ ಮಾತ್ರೆ ಇರ್ಲಿಲ್ಲ, ವಾಪಸ್ ಹೋಗಿ ಸಾಯ್ತಿದ್ರು. ಆಗ ಆ ಮಾತ್ರೆಗೆ ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲೆ ಇತ್ತು. 2001ರಲ್ಲಿ ನಮ್ಮ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅವರು ವರ್ಷಕ್ಕೆ 350 ಡಾಲರ್‌ಗೆ ಕೊಡ್ತೀನಿ ಅಂದ್ರಲ್ಲ, ಅಲ್ಲಿಂದ ಆಫ್ರಿಕಾದ ಕಥೆನೇ ತಿರುಗ್ತು. ನಮ್ಮ ದೇಶದಲ್ಲೇ ಎಆರ್‌ಟಿ ಫ್ರೀ ಆಗಿದ್ದು 2004ರ ಏಪ್ರಿಲಿಂದ, ನೆನಪಿರ್ಲಿ. ನ್ಯಾಯ ಕೊಡೋರು ಮತ್ತು ಮಾತ್ರೆ ಕೊಡೋರು ಬೇರೆ ಬೇರೆ ಆಫೀಸಲ್ಲಿ ಕೂತ್ರೆ ಏನಾಗತ್ತೆ ಅನ್ನೋಕೆ ನಂಗೆ ಇದಕ್ಕಿಂತ ಕೆಟ್ಟ ಉದಾಹರಣೆ ಗೊತ್ತಿಲ್ಲ.

ಸರಿ, ಈಗ ಗಂಟಿಗೆ ಬರೋಣ. ಯುದ್ಧ ನಡೀತಿರೋವಾಗ ಸೋಂಕು ಯಾಕೆ ಅಷ್ಟು ಓಡಾಡಲ್ಲ? ರಸ್ತೆ ಬಂದ್, ಸಂತೆ ಬಂದ್, ಲಾರಿ ಇಲ್ಲ, ಸೇತುವೆ ಒಡೆದು ಹೋಗಿರತ್ತೆ. ಅಂಗೋಲಾದಲ್ಲಿ 1975ರಿಂದ 2002ರ ತನಕ ಯುದ್ಧ, ಅದು ಮುಗಿಯೋ ಹೊತ್ತಿಗೆ ಅಲ್ಲಿ ಎಚ್‌ಐವಿ ಸುಮಾರು ನೂರಕ್ಕೆ ಎರಡು, ಪಕ್ಕದ ಜಾಂಬಿಯಾ, ನಮೀಬಿಯಾದಲ್ಲಿ ನೂರಕ್ಕೆ ಹತ್ತು ದಾಟಿತ್ತು. ಅದೇ ಮೊಜಾಂಬಿಕ್ ನೋಡಿ. 1992ರಲ್ಲಿ ಶಾಂತಿ ಒಪ್ಪಂದ ಆಯ್ತು, ಮಲಾವಿ ಮುಂತಾದ ಅಕ್ಕಪಕ್ಕದ ದೇಶಗಳಿಗೆ ಓಡಿಹೋಗಿದ್ದ ಸುಮಾರು 17 ಲಕ್ಷ ಜನ ವಾಪಸ್ ಬಂದ್ರು, ಬೇರಾ ಬಂದರಿಂದ ಜಿಂಬಾಬ್ವೆಗೆ ಹೋಗೋ ಹೆದ್ದಾರೀಲಿ ಮತ್ತೆ ಲಾರಿ ಶುರುವಾಯ್ತು, ದಾರಿ ಪಕ್ಕ ಊರುಗಳು ಎದ್ವು, ಹದಿನೇಳು ವರ್ಷ ಆದ್ಮೇಲೆ ಸರ್ವೆ ಮಾಡಿದಾಗ ದೊಡ್ಡವರಲ್ಲಿ ನೂರಕ್ಕೆ ಹನ್ನೊಂದಕ್ಕೂ ಮೇಲೆ ಎಚ್‌ಐವಿ. ಎಲ್ಲಾ ಯುದ್ಧದಿಂದ ಅನ್ನೋಕಾಗಲ್ಲ, ಆ ಭಾಗದಲ್ಲೆಲ್ಲ ಅದು ಏರ್ತಿತ್ತು. ಆದ್ರೆ ಶಾಂತಿ ಬಂದಾಗ ಬಾಗಿಲು ತೆರೀತು, ಒಳಗಿದ್ದ ಜನ ತಮ್ಮನ್ನ ಕಾಪಾಡ್ಕೊಳ್ಳೋ ಸ್ಥಿತೀಲಿ ಇರ್ಲಿಲ್ಲ.

ನಮ್ಮ ಸೊರಬ, ಸಾಗರ, ತೀರ್ಥಹಳ್ಳಿ ಕಡೆಯವರಿಗೆ ಇದು ಬೇಗ ಅರ್ಥ ಆಗತ್ತೆ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಸಿಕ್ಕ ಮಂಗನ ಕಾಯಿಲೆ ಇದೆಯಲ್ಲ, ಮಂಗ ಮರದ ಮೇಲೆ ಓಡಾಡ್ಕೊಂಡು ಇದ್ದಾಗ ನಮಗೆ ಅಷ್ಟು ಭಯ ಇಲ್ಲ, ಅದು ಸತ್ತು ಕೆಳಗೆ ಬಿತ್ತು ಅಂದ್ರೆ ಮೈಮೇಲಿನ ಉಣುಗೆಲ್ಲ ಉದುರಿ ತರಗೆಲೆ ಒಳಗೆ ಸೇರ್ಕೊಳ್ತವೆ, ದರಗು ಗುಡಿಸೋಕೆ ಹೋದವರಿಗೆ ಅಲ್ಲಿಂದ ಹತ್ತತ್ತೆ. ಸತ್ತ ಮೇಲೇ ಅಪಾಯ. ಯುದ್ಧನೂ ಹಂಗೇ.

ಕಾಂಬೋಡಿಯಾದಲ್ಲೂ ಇದೇ ಥರ. 1992-93ರಲ್ಲಿ ಶಾಂತಿ ಕಾಪಾಡೋಕೆ ಅಂತ ವಿಶ್ವಸಂಸ್ಥೆ ಇಪ್ಪತ್ತು ಸಾವಿರದಷ್ಟು ಜನರನ್ನ ಕಳಿಸ್ತು, ಕೈಯಲ್ಲಿ ಡಾಲರ್ ಇದ್ದ ಗಂಡಸರು, ಎದುರಿಗೆ ಗತಿ ಇಲ್ದೆ ಹೋದ ಹುಡುಗೀರು. ವೇಶ್ಯಾವಾಟಿಕೆ ಸಿಕ್ಕಾಪಟ್ಟೆ ಬೆಳೀತು. ಆಮೇಲೆ ಅಲ್ಲಿನ ಸರ್ಕಾರನೇ ನೂರಕ್ಕೆ ನೂರು ಕಾಂಡೋಮ್ ಅಂತ ಒಂದು ಕಾರ್ಯಕ್ರಮ ಮಾಡಿ ಎಚ್‌ಐವಿನ ಕೆಳಗಿಳಿಸ್ಕೊಳ್ತು ಅನ್ನಿ. 2000ದ ಜುಲೈಲಿ ಭದ್ರತಾ ಮಂಡಳಿ 1308ನೇ ನಿರ್ಣಯ ಮಾಡಿ ಶಾಂತಿಪಾಲಕರಿಗೇ ಎಚ್‌ಐವಿ ತರಬೇತಿ ಕೊಡ್ಬೇಕು ಅಂತು, ಅಂದ್ರೆ ಕಾಯೋಕೆ ಬಂದವರನ್ನೂ ಕಾಯ್ಬೇಕಾಯ್ತು. ಹಿಂದೆ ಮೊದಲನೇ ಮಹಾಯುದ್ಧದಲ್ಲೂ ಬ್ರಿಟಿಷ್ ಸೈನ್ಯದಲ್ಲಿ ಗುಹ್ಯರೋಗ ಅಂತ ಆಸ್ಪತ್ರೆ ಸೇರಿದ್ದು ನಾಲ್ಕು ಲಕ್ಷ ಕೇಸು, ಹಂಗಾಗಿ ಇದು ಆಫ್ರಿಕಾದ ರೋಗ, ಏಷ್ಯಾದ ರೋಗ ಅಂತ ಯಾರೂ ಹೇಳ್ಬೇಡಿ.

ಈಗ ಮನಸ್ಸಿನ ವಿಷಯ. ಪಿಟಿಎಸ್‌ಡಿ ಅಂತ ಕೇಳಿರ್ತೀರಿ, ಆಘಾತ ಆದ ಮೇಲೆ ಉಳ್ಕೊಳ್ಳೋ ಕಾಯಿಲೆ. 1980ರಲ್ಲಿ ಅಮೆರಿಕದ ಮನೋವೈದ್ಯರ ಪಟ್ಟೀಲಿ ಸೇರ್ತು, ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರ ಗಲಾಟೆ ಇಲ್ದಿದ್ರೆ ಅದೂ ಆಗ್ತಿರ್ಲಿಲ್ಲ. ಆಗಿದ್ದೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟೋದು, ಅದನ್ನ ನೆನಪಿಸೋ ಜಾಗ, ಜನ, ವಾಸನೆ ಎಲ್ಲದರಿಂದ ದೂರ ಓಡೋದು, ಪಟಾಕಿ ಸದ್ದಿಗೂ ಬೆಚ್ಚಿ ಬೀಳೋದು, ಮನಸ್ಸು ಮರಗಟ್ಟೋದು. ಇದಕ್ಕೂ ಲೈಂಗಿಕ ಆರೋಗ್ಯಕ್ಕೂ ಎಂತ ಸಂಬಂಧ? ನಂಗೆ ಇದು ಅರ್ಥ ಆಗಿದ್ದು ಪುಸ್ತಕದಿಂದ ಅಲ್ಲ, ಓಪಿಡಿಯ ಪರೀಕ್ಷೆ ಟೇಬಲ್ ಹತ್ರ.

ನರ್ಸಿಂಗ್ ಮಕ್ಕಳೇ, ಯೋನಿ ಒಳಗೆ ನೋಡೋ ಉಪಕರಣ ಸ್ಪೆಕ್ಯುಲಂ ಹಾಕಿ ನೋಡೋದು ನಿಮಗೆ ಎರಡು ನಿಮಿಷದ ಕೆಲಸ. ಆ ಹೆಂಗಸಿನ ಕಡೆಯಿಂದ ನೋಡಿ. ಸೀರೆ ಮೇಲೆತ್ತಿ ಮಲಗ್ಬೇಕು, ಕಾಲು ಅಗಲಿಸ್ಬೇಕು, ಮುಖ ಕಾಣದ ಯಾರೋ ಒಬ್ರು ತಣ್ಣಗಿನ ಸ್ಟೀಲ್ ಹಿಡ್ಕೊಂಡು ನಿಂತಿರ್ತಾರೆ, ಅಲ್ಲಾಡ್ಬೇಡಮ್ಮ ಅಂತಾರೆ. ಹಿಂದೆ ಅಂಥದ್ದು ಅನುಭವಿಸಿದವಳ ದೇಹಕ್ಕೆ ಇದು ಆಸ್ಪತ್ರೆ ಅಂತ ಗೊತ್ತಾಗಲ್ಲ. ಕೆಲವರು ಕಿರುಚ್ತಾರೆ, ಹೆಚ್ಚಿನವರು ಕಲ್ಲಿನ ಥರ ಆಗ್ಬಿಡ್ತಾರೆ, ಕಣ್ಣು ಫ್ಯಾನ್ ಕಡೆ ನೆಟ್ಟಿರತ್ತೆ, ಕರೆದ್ರೆ ಮಾತಿಲ್ಲ, ನಾವು ಕೋಆಪರೇಟಿವ್ ಪೇಷಂಟ್ ಅಂತ ಬರ್ಕೊಳ್ತೀವಿ. ಅವಳು ಎದ್ದು ಹೋದ್ರೆ ಮತ್ತೆ ಬರಲ್ಲ. ಬರ್ಲಿಲ್ಲ ಅಂದ್ರೆ ನಮ್ಮ ಕ್ಲಿನಿಕ್ಕಿನ ಬೂದು ಬಣ್ಣದ ಮಾತ್ರೆ ಕಿಟ್ಟಲ್ಲಿ ಅಜಿತ್ರೋಮೈಸಿನ್, ಸೆಫಿಕ್ಸಿಮ್ ಒಂದೊಂದು ಡೋಸಲ್ಲಿ ಹೋಗ್ಬೇಕಾದ ಸೋಂಕು ಒಳಗೇ ಉಳಿದು ಗರ್ಭಕೋಶದ ನಾಳಕ್ಕೆ ಏರತ್ತೆ, ಕಿಬ್ಬೊಟ್ಟೆ ನೋವು, ಬಂಜೆತನ. ಹುಣ್ಣಿನ ಥರದ ಸೋಂಕಾದ್ರೆ ಎಚ್‌ಐವಿ ಒಳಗೆ ಬರೋಕೆ ಬಾಗಿಲು ತೆಗೆದಿಟ್ಟ ಹಾಗೆ. ಯುದ್ಧ ಮುಗಿದು ಎಷ್ಟೋ ವರ್ಷ ಆದ ಮೇಲೂ ಹೆಂಗಸರು ಕ್ಲಿನಿಕ್ಕಿಗೆ ಬರಲ್ಲ ಅಂದ್ರೆ ಅಜ್ಞಾನ ಅಂತ ಬರೀತಾರೆ ವರದೀಲಿ. ಅಜ್ಞಾನ ಅಲ್ಲ ಅದು, ನೆನಪು.

ಇನ್ನೊಂದು ನಮ್ಮ ಪಕ್ಕದ ಗೋವಾದ್ದು. ಆಶಾ ಅಕ್ಕಂದಿರೇ, ನಿಮ್ಮ ಹತ್ರ ಬಂದು ಬಿಳಿ ಹೋಗತ್ತೆ, ಸೊಂಟ ನೋವು, ಸುಸ್ತು ಅನ್ನೋರು ಎಷ್ಟು ಜನ? ದಿನಾ ಇರ್ತಾರೆ ಅಲ್ವಾ. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತವರ ತಂಡ ಸುಮಾರು ಎರಡೂವರೆ ಸಾವಿರ ಹೆಂಗಸರನ್ನ ನೋಡಿ 2005ರಲ್ಲಿ ಹೇಳಿದ್ದು ಏನಂದ್ರೆ, ಬಿಳಿ ಹೋಗೋ ದೂರಿಗೆ ಸೋಂಕಿಗಿಂತ ಜಾಸ್ತಿ ಜೋರಾದ ಸಂಬಂಧ ಇರೋದು ಮನಸ್ಸಿನ ಸಂಕಟಕ್ಕೆ. ಗೋವಾದಲ್ಲಿ ಯುದ್ಧ ಆಗಿರ್ಲಿಲ್ಲ, ಮನೆ ಒಳಗಿನದ್ದು ಸಾಕು. ಹಂಗಂತ ಬಿಳಿ ಹೋಗತ್ತೆ ಅಂದವಳಿಗೆ ಎಲ್ಲ ಮನಸ್ಸಿನದ್ದು ಹೋಗಮ್ಮ ಅಂತ ಕಳಿಸ್ಬೇಡಿ ಮತ್ತೆ! ಸೋಂಕಿಗೂ ನೋಡ್ಬೇಕು, ಮನೇಲಿ ಎಲ್ಲ ಸರಿ ಇದೆಯಾ ಅಂತನೂ ಕೇಳ್ಬೇಕು, ಅತ್ತೆ ಪಕ್ಕದಲ್ಲಿ ಇಲ್ದಿರೋವಾಗ.

ಮನಸ್ಸಿನ ಗಾಯ ಅಪಾಯವನ್ನ ಹತ್ರ ತರೋ ದಾರಿಗಳು ಬೇರೆನೂ ಇವೆ. ನಾಳೆ ಬದುಕಿರ್ತೀನಿ ಅನ್ನೋ ನಂಬಿಕೆನೇ ಹೋಗಿರೋನಿಗೆ ಹತ್ತು ವರ್ಷ ಆದ್ಮೇಲೆ ಬರೋ ಏಡ್ಸ್ ಬಗ್ಗೆ ಹೇಳಿದ್ರೆ ಅವನು ಕಾಂಡೋಮ್ ಹಾಕ್ತಾನಾ? ಮರಗಟ್ಟಿದ ಮನಸ್ಸಿಗೆ ಅಪಾಯದ ವಾಸನೆ ಸಿಗಲ್ಲ, ಬೇಡ ಅನ್ನೋ ಮಾತು ಗಂಟಲಲ್ಲೇ ನಿಲ್ಲತ್ತೆ, ಅದಕ್ಕೇ ಒಂದು ಸಲ ಹಿಂಸೆಗೆ ಸಿಕ್ಕವರು ಮತ್ತೆ ಸಿಗೋದು ಜಾಸ್ತಿ, ಅವರದ್ದೇನೋ ನಡತೆ ಸರಿ ಇಲ್ಲ ಅನ್ನೋದು ಪಾಪದ ಮಾತು. ಮತ್ತೆ ಕುಡಿತ. ನಿದ್ದೆ ಬರ್ಲಿ ಅಂತ ಶುರುವಾಗತ್ತೆ, ಕುಡಿದ ಮೇಲೆ ಹೆಂಡ್ತಿಗೆ ಹೊಡಿಯೋದು, ಬಲವಂತ ಮಾಡೋದು. ಬಂದೂಕು ಕೆಳಗಿಟ್ಟವನು ಕೈ ಕೆಳಗಿಡಲ್ಲ. ಮಾಜಿ ಸೈನಿಕ ಅಣ್ಣಂದಿರು ಬೇಜಾರು ಮಾಡ್ಕೋಬೇಡಿ, ನಿಮ್ಮನ್ನ ಹೇಳ್ತಿಲ್ಲ, ಆದ್ರೆ ರಿಟೈರ್ ಆಗಿ ಬಂದ ನಿಮ್ಮ ಜೊತೆಯವರಲ್ಲಿ ರಾತ್ರಿ ಎದ್ದು ಕೂರೋರು ಯಾರು ಅಂತ ನಿಮಗೇ ಗೊತ್ತಿರತ್ತೆ, ಅವರನ್ನ ಕ್ಯಾಂಟೀನ್ ಕೋಟಾ ತರೋಕೆ ಕರ್ಕೊಂಡು ಹೋಗೋ ಹಾಗೇ ಒಂದು ದಿನ ಮನೋವೈದ್ಯರ ಹತ್ರನೂ ಕರ್ಕೊಂಡು ಹೋಗಿ.

ಗಂಡಸರೂ ಬಲಿಯಾಗಿದಾರೆ ಅನ್ನೋದನ್ನ ಜನ ನಂಬೋದೇ ಇಲ್ಲ. ಬೋಸ್ನಿಯಾದ ಕ್ಯಾಂಪುಗಳಲ್ಲಿ, ಕಾಂಗೋದಲ್ಲಿ ಗಂಡಸರ ಮೇಲೂ ಲೈಂಗಿಕ ಹಿಂಸೆ ಆಗಿದೆ. ಅವರು ಬೆನ್ನು ನೋವು ಅಂತ ಬರ್ತಾರೆ, ಮೂಲವ್ಯಾಧಿ ಅಂತ ಬರ್ತಾರೆ, ಡಾಕ್ಟ್ರು ಗಂಡಸರಾದ್ರೂ ಹೇಳಲ್ಲ, ಹೆಂಗಸರಾದ್ರೆ ಕೇಳ್ಲೇಬೇಡಿ. ಎಷ್ಟೋ ದೇಶದ ಕಾನೂನಲ್ಲಿ ಅತ್ಯಾಚಾರ ಅಂದ್ರೆ ಹೆಂಗಸಿನ ಮೇಲೆ ಮಾತ್ರ. ನಮ್ಮಲ್ಲೂ ಅಷ್ಟೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹಳೇ ದಂಡ ಸಂಹಿತೆಯ ಅತ್ಯಾಚಾರದ ಸೆಕ್ಷನ್ 375ರ ಥರಾನೇ ಇಟ್ಟು, ಗಂಡಸಿನ ಮೇಲಿನ ಬಲವಂತಕ್ಕೂ ಹಾಕ್ಬಹುದಾಗಿದ್ದ 377ನ್ನ ಪೂರ್ತಿ ಕೈಬಿಟ್ರು, ಈಗ ವಯಸ್ಕ ಗಂಡಸು ಕಂಪ್ಲೇಂಟ್ ಕೊಡೋಕೆ ಹೋದ್ರೆ ಸ್ಟೇಷನ್ನಲ್ಲಿ ಅತ್ಯಾಚಾರ ಅಂತ ಬರ್ಕೊಳ್ಳೋಕೆ ಸೆಕ್ಷನ್ನೇ ಇಲ್ಲ.

ಸಿಯೆರಾ ಲಿಯೋನಿನ ಹುಡುಗೀರ ವಿಷಯ ಹೇಳಿ ಮುಂದೆ ಹೋಗ್ತೀನಿ. 2002ಕ್ಕೆ ಯುದ್ಧ ಮುಗೀತು, ಹೋರಾಟಗಾರರು ಬಂದೂಕು ಒಪ್ಪಿಸಿದ್ರೆ ದುಡ್ಡು, ತರಬೇತಿ, ವೈದ್ಯಕೀಯ ತಪಾಸಣೆ. ಸರಿಯಾಗೇ ಇದೆ ಅನ್ಸತ್ತೆ ಅಲ್ವಾ? ಕಾಡಲ್ಲಿ ಕಮಾಂಡರ್‌ಗಳು ಹೆಂಡ್ತಿ ಅಂತ ಇಟ್ಕೊಂಡಿದ್ದ ಹುಡುಗೀರ ಕೈಯಲ್ಲಿ ಬಂದೂಕು ಇರ್ಲಿಲ್ಲ, ಸೌಟು ಇತ್ತು, ಬಗಲಲ್ಲಿ ಮಗು ಇತ್ತು. ಒಪ್ಪಿಸೋಕೆ ಆಯುಧ ಇಲ್ಲ ಅಂತ ಸಾಲಿಂದ ಆಚೆ. ಮನೆಗೆ ಹೋದ್ರೆ ಮನೆಯವರು ಸೇರಿಸ್ಲಿಲ್ಲ. ಹೊಟ್ಟೆಪಾಡಿಗೆ ಆಮೇಲೆ ಏನು ಮಾಡಿರ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಆಫೀಸಲ್ಲಿ ಕೂತು ಮಾಡಿದ ಒಂದು ರೂಲ್ಸ್ ಅಷ್ಟೆ.

ಬರೀ ಕತ್ತಲೆ ಹೇಳಿ ಕಳಿಸಲ್ಲ ನಿಮ್ಮನ್ನ. ಶ್ರೀಲಂಕಾ ನೋಡಿ. 1983ರಿಂದ 2009ರ ತನಕ ಯುದ್ಧ, ಉತ್ತರದಲ್ಲಿ ಗಂಡ ಇಲ್ದಿರೋ ಸಾವಿರಾರು ಮನೆಗಳು, ಕುಡಿತ, ಸಾಲ, ಎಲ್ಲಾ ಇದೆ. ಆದ್ರೂ ಅಲ್ಲಿ ಎಚ್‌ಐವಿ ಸಾವಿರಕ್ಕೆ ಒಂದಕ್ಕಿಂತ ಕಮ್ಮಿ, 2019ರಲ್ಲಿ ತಾಯಿಯಿಂದ ಮಗುವಿಗೆ ಎಚ್‌ಐವಿ, ಸಿಫಿಲಿಸ್ ಹೋಗೋದನ್ನ ನಿಲ್ಲಿಸಿದ ದೇಶ ಅಂತ ವಿಶ್ವ ಆರೋಗ್ಯ ಸಂಸ್ಥೆ ಸರ್ಟಿಫಿಕೇಟ್ ಕೊಡ್ತು. ಕಾರಣ ಹಲವು ಇರಬಹುದು, ನನ್ನ ಪ್ರಕಾರ ದೊಡ್ಡದು ಅಲ್ಲಿನ ಊರೂರಿನ ಸೂಲಗಿತ್ತಿ ನರ್ಸ್. ಬಸುರಿ ಹೆಂಗಸರ ಮನೆ ಬಾಗಿಲಿಗೇ ಹೋಗ್ತಾರೆ, ಆಸ್ಪತ್ರೆ ಫ್ರೀ. ಅಂದ್ರೆ ನಮ್ಮ ಆಶಾ ಮತ್ತು ಎಎನ್‌ಎಂ ಸೇರಿಸಿದ ಹಾಗೆ, ಸಂಬಳ ಮಾತ್ರ ಸರಿಯಾಗಿ ಕೊಟ್ಟು! ನಗ್ತಿದೀರಿ, ನಿಮ್ಮ ಗೌರವಧನದ ವಿಷಯ ಇನ್ನೊಂದಿನ ಮಾತಾಡೋಣ.

ಮನಸ್ಸಿನ ಚಿಕಿತ್ಸೆಗೆ ದೊಡ್ಡ ಡಾಕ್ಟ್ರೇ ಬೇಕಾ? ಪೂರ್ವ ಕಾಂಗೋದಲ್ಲಿ ಅತ್ಯಾಚಾರಕ್ಕೆ ಒಳಗಾದ ಹೆಂಗಸರ ಮೇಲೆ ನಡೆದ ಒಂದು ಪ್ರಯೋಗ 2013ರಲ್ಲಿ ಪ್ರಕಟ ಆಯ್ತು. ಕೆಲವು ಹಳ್ಳಿಗಳಲ್ಲಿ ಗುಂಪು ಚಿಕಿತ್ಸೆ, ಕೆಲವು ಕಡೆ ಒಬ್ಬೊಬ್ಬರಿಗೆ ಬೆಂಬಲ. ನಡೆಸಿದವರು ಅಲ್ಲಿನದ್ದೇ ಹೆಂಗಸರು, ಡಿಗ್ರಿ ಗಿಗ್ರಿ ಏನಿಲ್ಲ, ಪ್ರೈಮರಿ ಮುಗಿಸಿ ಮೇಲೆ ಒಂದು ನಾಲ್ಕು ವರ್ಷ ಓದಿದವರು, ತರಬೇತಿ ಕೊಟ್ಟಿದ್ರು. ಚಿಕಿತ್ಸೆ ಮುಗಿದು ಆರು ತಿಂಗಳಿಗೆ ಗುಂಪಲ್ಲಿದ್ದವರಲ್ಲಿ ಖಿನ್ನತೆ, ಆತಂಕದ ಲಕ್ಷಣ ಉಳಿದಿದ್ದು ನೂರಕ್ಕೆ 9, ಇನ್ನೊಂದು ಕಡೆ 42. ಅದೇ ಕಡೆಯ ಬುಕಾವು ಊರಲ್ಲಿ ಪಾಂಜಿ ಆಸ್ಪತ್ರೆ ಕಟ್ಟಿದ ಡಾಕ್ಟ್ರು ಡೆನಿಸ್ ಮುಕ್ವೆಗೆ, 2018ರ ನೊಬೆಲ್ ಶಾಂತಿ ಪ್ರಶಸ್ತಿ ಬಂದವರು, ಅವರ ಕಡೆ ಆಪರೇಷನ್, ಕೌನ್ಸೆಲಿಂಗ್, ವಕೀಲರ ಸಹಾಯ, ಹೊಟ್ಟೆಪಾಡಿನ ತರಬೇತಿ ಎಲ್ಲ ಒಂದೇ ಕಾಂಪೌಂಡಲ್ಲಿ. ಅರೂಷಾದ ಕಥೆಗೆ ಉಲ್ಟಾ ಇದು. ಅಷ್ಟು ದೂರ ಯಾಕೆ, 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೇಲಿ ಪಿಎಚ್‌ಸಿ ಡಾಕ್ಟ್ರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸೋದು ಕಲಿಸಿದ್ರು, 1996ರಲ್ಲಿ ಅದೇ ಮಾದರೀಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು.

ಇಲ್ಲಿರೋರು ಬರ್ಕೊಳ್ಳೋದಿದ್ರೆ ಇದನ್ನ ಬರ್ಕೊಳ್ಳಿ. ಲೈಂಗಿಕ ಹಿಂಸೆ ಆದವರು ಬಂದ್ರೆ 72 ಗಂಟೆ ಒಳಗೆ ಎಚ್‌ಐವಿ ತಡೆಯೋ ಪೆಪ್ ಮಾತ್ರೆ ಶುರು ಮಾಡ್ಬೇಕು, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, 28 ದಿನ ತಪ್ಪದೆ. ಬಸಿರು ತಡೆಯೋ ಮಾತ್ರೆ ಐದು ದಿನದ ಒಳಗೆ. ಪೊಲೀಸ್ ಪೇಪರ್ ಬರ್ಲಿ ಅಂತ ಕಾಯಿಸ್ಬೇಡಿ, ಯಾವ ಆಸ್ಪತ್ರೆನೂ, ಖಾಸಗಿನೂ ಸೇರಿ, ಫ್ರೀಯಾಗಿ ಚಿಕಿತ್ಸೆ ಕೊಡ್ಲೇಬೇಕು ಅಂತ ಕಾನೂನಿದೆ. ಲೈಂಗಿಕ ಸಂಪರ್ಕದ ಅಭ್ಯಾಸ ಇದೆಯಾ ಅಂತ ಯೋನಿಗೆ ಬೆರಳು ಹಾಕಿ ನೋಡೋ ಎರಡು ಬೆರಳಿನ ಪರೀಕ್ಷೆ ಮಾಡಿದ್ರೆ ದುರ್ನಡತೆ ಅಂತ 2022ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪರೀಕ್ಷೆ ಮಾಡೋಕೆ ಮೊದಲು ಏನು ಮಾಡ್ತೀನಿ ಅಂತ ಹೇಳಿ, ಸ್ಪೆಕ್ಯುಲಂ ಅವರ ಕೈಗೆ ಕೊಟ್ಟು ನೋಡೋಕೆ ಹೇಳಿ, ಸಾಕು ಅಂದ ಕೂಡ್ಲೆ ನಿಲ್ಲಿಸ್ತೀನಿ ಅನ್ನಿ, ನಿಲ್ಲಿಸಿ. ಇವತ್ತು ಬೇಡ ಅಂದ್ರೆ ಬೇಡ, ಲಕ್ಷಣ ನೋಡಿ ಕಿಟ್ ಕೊಟ್ಟು ಕಳಿಸೋಕೂ ಬರತ್ತೆ. ರಾತ್ರಿ ನಿದ್ದೆ ಇಲ್ಲ ಅನ್ನೋರಿಗೆ ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡ್ತಾರೆ.

ಕೊನೇಲಿ ಒಬ್ಬರು ಒಂದು ಪ್ರಶ್ನೆ ಕೇಳಿದ್ರು, ನಂಗೆ ಅದು ಬರತ್ತೆ ಅಂತ ಗೊತ್ತಿತ್ತು. ಯುದ್ಧದಿಂದ ಓಡಿ ಬಂದ ನಿರಾಶ್ರಿತರಿಗೆಲ್ಲ ಬಂದ ಕೂಡ್ಲೆ ಕಡ್ಡಾಯ ಎಚ್‌ಐವಿ ಟೆಸ್ಟ್ ಮಾಡಿಸ್ಬಿಟ್ರೆ ನಮ್ಮ ಜನ ಸೇಫ್ ಅಲ್ವಾ ಅಂತ. ಮೊದಲು ಹೇಳಿದ ಅದೇ 2007ರ ಅಧ್ಯಯನದಲ್ಲಿ ನಿರಾಶ್ರಿತರ 12 ಕ್ಯಾಂಪುಗಳನ್ನ ಸುತ್ತಮುತ್ತಲ ಊರಿನ ಜನರ ಜೊತೆ ಹೋಲಿಸಿದ್ರು. ಒಂಬತ್ತು ಕಡೆ ಕ್ಯಾಂಪಿನವರಲ್ಲೇ ಎಚ್‌ಐವಿ ಕಮ್ಮಿ ಇತ್ತು, ಎರಡು ಕಡೆ ಹೆಚ್ಚು ಕಮ್ಮಿ ಒಂದೇ, ಒಂದೇ ಒಂದು ಕಡೆ ಜಾಸ್ತಿ. ಅಂದ್ರೆ ಅಪಾಯ ಇದ್ದಿದ್ದು ಹೆಚ್ಚಾಗಿ ಬಂದವರಿಗೇ. ಮತ್ತೆ 2018ರ ಸೆಪ್ಟೆಂಬರಿಂದ ಜಾರಿಗೆ ಬಂದ ನಮ್ಮ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ದೆ ಟೆಸ್ಟ್ ಮಾಡೋ ಹಾಗಿಲ್ಲ, ರಿಪೋರ್ಟು ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ. ಕಡ್ಡಾಯ ಅಂದ್ರೆ ಮೊದಲು ತಪ್ಪಿಸ್ಕೊಳ್ಳೋದೇ ಯಾರಿಗೆ ಚಿಕಿತ್ಸೆ ಬೇಕೋ ಅವರು. ಐಸಿಟಿಸಿ, ಅಂದ್ರೆ ಸಲಹೆ ಕೊಟ್ಟು ಎಚ್‌ಐವಿ ಟೆಸ್ಟ್ ಮಾಡೋ ಕೇಂದ್ರದ ಬಾಗಿಲು ತೆಗೆದಿಟ್ಟು, ಒಳಗೊಬ್ಬ ಅವರ ಭಾಷೆ ಬರೋ ಹೆಣ್ಮಗಳನ್ನ ಕೂರ್ಸಿ, ಅವರೇ ಬರ್ತಾರೆ.